ಸೋಲಾರಿಗೆ ಬ್ಯಾಟರಿ ಸೇರಿಸಿದ ಕತೆ: ಪೆರ್ಲದ ಹಳೆ ಮನೆ, 5 ಯೂನಿಟ್ ಲಿಥಿಯಂ, ಕಲಬೆರಕೆ ನ್ಯೂಟ್ರಲ್

ಬ್ಯಾಟರಿ ತಂದು ಜೋಡಿಸುವುದು ಈ ಕೆಲಸದಲ್ಲಿ ಸುಲಭದ ಭಾಗ. ದುಡ್ಡು ಹೋದದ್ದು ಅದಕ್ಕೆ, ನಿಜ. ಆದರೆ ಸಮಯ ತಿಂದದ್ದು ಮನೆಯ ವೈರಿಂಗ್. ಹಳೆ ಮನೆಗೆ ಬ್ಯಾಟರಿ ಸೇರಿಸುವ ಯೋಚನೆ ಇದ್ದರೆ ಕೆಳಗೆ 6ನೇ ಹಂತವನ್ನು ಮೊದಲು ಓದಿ, ಉಳಿದದ್ದು ಆಮೇಲೆ ಸಾಕು.

ಮನೆ ಇರುವುದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ, ಅಡಿಕೆ ತೋಟದ ಮಧ್ಯೆ. ಹಿಂದಿನ ಅರ್ಧ ಹಂಚಿನದ್ದು, ಮುಂದಿನ ಅರ್ಧ ತಾರಸಿ. ತಾರಸಿ ಮೇಲೆ 2022ರಲ್ಲಿ ಹಾಕಿಸಿದ 540 ವಾಟಿನ 6 ಪ್ಯಾನೆಲ್, ಒಟ್ಟು 3.24 ಕಿಲೋವಾಟ್. ಜೊತೆಗೆ 3 ಕಿಲೋವಾಟಿನ ಆನ್‌ಗ್ರಿಡ್ ಇನ್ವರ್ಟರ್ ಮತ್ತು ಕೆಎಸ್‌ಇಬಿಯ (ಕೇರಳದ ವಿದ್ಯುತ್ ಮಂಡಳಿ) ನೆಟ್ ಮೀಟರ್, ಅಂದರೆ ಲೈನಿಗೆ ಕೊಟ್ಟದ್ದನ್ನೂ ತೆಗೆದದ್ದನ್ನೂ ಲೆಕ್ಕ ಹಿಡಿಯುವ ಮೀಟರ್. ಮಾರ್ಚ್‌ನಲ್ಲಿ ದಿನಕ್ಕೆ 13 ಯೂನಿಟ್ ಬರುತ್ತದೆ. ಜುಲೈಯಲ್ಲಿ ಮಳೆ ಹಿಡಿದ ದಿನ 3 ಬಂದರೆ ಅದೇ ದೊಡ್ಡದು. ಬಿಲ್ಲಿನ ಬಗ್ಗೆ ತಕರಾರಿಲ್ಲ.

ತಕರಾರು ಇದ್ದದ್ದು ಕರೆಂಟು ಹೋದಾಗ. ಆನ್‌ಗ್ರಿಡ್ ಇನ್ವರ್ಟರ್ ಲೈನಿನಲ್ಲಿ ಕರೆಂಟು ಇದ್ದರೆ ಮಾತ್ರ ಓಡುತ್ತದೆ. ಲೈನ್ ಸತ್ತ ಕೂಡಲೇ ಅದೂ ನಿಲ್ಲಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟು ಹೊಡೆಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಲೈನಿನ ಮೇಲೆ ಅಡಿಕೆ ಮರವೋ ತೆಂಗಿನ ಮಡಲೋ ಬಿದ್ದರೆ, ಮೇಲೆ ಆರು ಪ್ಯಾನೆಲ್ ಇದ್ದೂ ಕೆಳಗೆ ಒಂದು ಫ್ಯಾನ್ ತಿರುಗುವುದಿಲ್ಲ.

ಹಂತ 1 – ಲೋಡ್ ಅಳೆದದ್ದು (ಫೆಬ್ರವರಿ)

ಎಷ್ಟು ದೊಡ್ಡ ಬ್ಯಾಟರಿ ಬೇಕು ಎಂದು ಅಂಗಡಿಯವರನ್ನು ಕೇಳಿದರೆ ದೊಡ್ಡದೇ ಬೇಕು ಅನ್ನುತ್ತಾರೆ. ಅದಕ್ಕೆ ಒಂದು ಪ್ಲಗ್ ಮೀಟರ್ ಮತ್ತು ಒಂದು ಕ್ಲಾಂಪ್ ಮೀಟರ್ ಇಟ್ಟುಕೊಂಡು ನಾನೇ ಅಳೆದೆ. ಸಂಜೆ 6ರಿಂದ ಬೆಳಗ್ಗೆ 6ರ ತನಕ ಬಂದ ಲೆಕ್ಕ ಇದು:

ಫ್ರಿಜ್ 0.7 ಯೂನಿಟ್
ಬಿಎಲ್‌ಡಿಸಿ (ಕಡಿಮೆ ಕರೆಂಟಿನ) ಫ್ಯಾನ್ 4, ತಲಾ 30 ವಾಟ್, 8 ಗಂಟೆ: 0.96
ಎಲ್‌ಇಡಿ ಬಲ್ಬುಗಳು 0.3
ರೂಟರ್ 0.18
ಟಿವಿ 0.16

ಒಟ್ಟು 2.3 ಯೂನಿಟ್. ಗೀಸರ್ ನಮ್ಮಲ್ಲಿಲ್ಲ. ಬಚ್ಚಲು ಒಲೆಗೆ ಅಡಿಕೆ ಸಿಪ್ಪೆ, ಸೋಗೆ ಬೇಕಾದಷ್ಟಿದೆ. ಇಸ್ತ್ರಿ ಪೆಟ್ಟಿಗೆ, ಗ್ರೈಂಡರ್, ಇಂಡಕ್ಷನ್ ಒಲೆಗಳನ್ನು ಬ್ಯಾಕಪ್‌ನಿಂದ ಹೊರಗಿಟ್ಟೆ. ಹಳೆ ಫ್ಯಾನುಗಳು ತಲಾ 75 ವಾಟ್ ಎಳೆಯುತ್ತಿದ್ದವು, ಅವನ್ನು ಹೋದ ವರ್ಷವೇ ಬದಲಾಯಿಸಿದ್ದೆ. ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಫ್ಯಾನಿಗೆ ಹಾಕುವುದು ಲಾಭ.

ಹಂತ 2 – ಬೇಡ ಅಂದದ್ದು, ಬೇಕು ಅಂದದ್ದು

ಟ್ಯೂಬುಲರ್ (ಸೀಸ-ಆ್ಯಸಿಡ್) ಬ್ಯಾಟರಿ ಎರಡು ಮತ್ತು ಮಾಮೂಲಿ ಇನ್ವರ್ಟರ್: ಅಗ್ಗ. ಆದರೆ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಆಯಸ್ಸು ಕಡಿಮೆ, ನೀರು ಹಾಕುತ್ತಿರಬೇಕು. ಎಲ್ಲಕ್ಕಿಂತ ಮುಖ್ಯ, ಕರೆಂಟಿಲ್ಲದಾಗ ಪ್ಯಾನೆಲ್‌ಗಳು ಆಗಲೂ ಸುಮ್ನೆ ಕೂತಿರುತ್ತವೆ.

ಸಂಬಂಧಿಕರೊಬ್ಬರು ಕೊಟ್ಟ ಸಲಹೆ ಇನ್ನೊಂದು. ಮಾಮೂಲಿ ಇನ್ವರ್ಟರಿನ ಔಟ್‌ಪುಟ್ಟನ್ನು ಆನ್‌ಗ್ರಿಡ್ ಇನ್ವರ್ಟರಿಗೆ ಕೊಟ್ಟು, ಲೈನ್ ಇದೆ ಎಂದು ಅದನ್ನು ನಂಬಿಸುವುದು. ದಯವಿಟ್ಟು ಮಾಡಬೇಡಿ. ಮನೆಯ ಲೋಡ್ ಕಡಿಮೆ ಇದ್ದಾಗ ಪ್ಯಾನೆಲಿನ ಕರೆಂಟು ಹಿಮ್ಮುಖವಾಗಿ ಇನ್ವರ್ಟರಿಗೇ ನುಗ್ಗುತ್ತದೆ, ಅದನ್ನು ತಡೆದುಕೊಳ್ಳುವ ವ್ಯವಸ್ಥೆ ಅದರಲ್ಲಿಲ್ಲ. ಅದಕ್ಕೆಂದೇ ಮಾಡಿದ ಇನ್ವರ್ಟರುಗಳು ಬೇರೆ ಇವೆ. ಅವು ಬ್ಯಾಟರಿ ತುಂಬಿದಾಗ 50 ಹರ್ಟ್ಜ್ ಅನ್ನು ಸ್ವಲ್ಪ ಏರಿಸಿ ಆನ್‌ಗ್ರಿಡ್ಡನ್ನು ತಡೆಯುತ್ತವೆ.

ಕೊನೆಗೆ ಆರಿಸಿದ್ದು ಹಳೆ ಇನ್ವರ್ಟರ್ ತೆಗೆದು ಆ ಜಾಗಕ್ಕೆ 5 ಕಿಲೋವಾಟಿನ ಸಿಂಗಲ್ ಫೇಸ್ ಹೈಬ್ರಿಡ್ ಹಾಕುವ ದಾರಿ. ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ನೋಡಿಕೊಳ್ಳುವ, ಲೈನ್ ಇಲ್ಲದಾಗಲೂ ಓಡುವ ಇನ್ವರ್ಟರ್ ಅದು. ಪ್ಯಾನೆಲ್ ಮುಟ್ಟಬೇಕಿಲ್ಲ. ಆದರೆ ಎರಡು ಲೆಕ್ಕ ನೋಡಲೇಬೇಕು. ಒಂದು ವೋಲ್ಟೇಜ್. ನಮ್ಮ ಪ್ಯಾನೆಲ್ ಒಂದರ ಓಪನ್ ಸರ್ಕ್ಯೂಟ್ (ಲೋಡ್ ಇಲ್ಲದಾಗಿನ) ವೋಲ್ಟೇಜ್ 49.5, ಆರಕ್ಕೆ 297 ವೋಲ್ಟ್. ಹೈಬ್ರಿಡ್ಡಿನ ಮಿತಿ 500, ಹಾಗಾಗಿ ಸರಿ. ಅಗ್ಗದ ಕೆಲವು ಮಾಡೆಲ್‌ಗಳ ಮಿತಿ 145 ವೋಲ್ಟ್ ಮಾತ್ರ. ಅದನ್ನು ತಂದಿದ್ದರೆ ಪ್ಯಾನೆಲ್ ಸಾಲನ್ನೇ ಮೂರು ತುಂಡು ಮಾಡಬೇಕಿತ್ತು. ಎರಡನೆಯದು ಆಂಪಿಯರ್. ಈ ಅಳತೆಯ ಪ್ಯಾನೆಲ್ 13 ಆಂಪಿಯರ್ ಕೊಡುತ್ತದೆ. ಇನ್ವರ್ಟರಿನ ಇನ್‌ಪುಟ್ ಅದಕ್ಕಿಂತ ಮೇಲಿರಬೇಕು.

ಬ್ಯಾಟರಿ ಲಿಥಿಯಂ ಐರನ್ ಫಾಸ್ಫೇಟ್. 3.2 ವೋಲ್ಟಿನ 16 ಸೆಲ್, ಅಂದರೆ 51.2 ವೋಲ್ಟ್, 100 ಆಂಪಿಯರ್ ಅವರ್, 5.12 ಯೂನಿಟ್. ತೂಕ 46 ಕಿಲೋ.

ನೆಟ್ ಮೀಟರಿನ ಕಾಗದದಲ್ಲಿ ಹಳೆ ಇನ್ವರ್ಟರಿನ ಮಾಡೆಲ್, ನಂಬರ್ ಎಲ್ಲ ಇತ್ತು. ಅದಕ್ಕೆ ಬದಲಾವಣೆಯ ಅರ್ಜಿಯನ್ನು ಮೊದಲೇ ಸೆಕ್ಷನ್ ಆಫೀಸಿಗೆ ಬರೆದುಕೊಟ್ಟೆ. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇದೆಯಲ್ಲ, ಅದು ಪ್ಯಾನೆಲ್ ವ್ಯವಸ್ಥೆಗೆ. ಬ್ಯಾಟರಿಗೆ ಸಬ್ಸಿಡಿ ಇಲ್ಲ.

ಹಂತ 3 – ಜಾಗ ಮತ್ತು ಗೋಡೆ (ಮಾರ್ಚ್)

ಅಟ್ಟ ಖಾಲಿ ಇತ್ತು, ಆದರೆ ಹಂಚಿನ ಕೆಳಗೆ ಮಧ್ಯಾಹ್ನ 43 ಡಿಗ್ರಿ ತೋರಿಸಿತು. ಲಿಥಿಯಂಗೆ ಆ ಸೆಕೆ ಆಗುವುದಿಲ್ಲ. ಉಗ್ರಾಣದ ಪಕ್ಕ, ಬಡಗು ಬದಿಯ ಗೋಡೆ ಆರಿಸಿದೆ. ಅಲ್ಲಿ 33 ಡಿಗ್ರಿ ದಾಟುವುದಿಲ್ಲ.

ಗೋಡೆ ಮುರಕಲ್ಲಿನದ್ದು (ಜಂಬಿಟ್ಟಿಗೆ). ಇದು ನಮ್ಮ ಊರಿನವರಿಗೆ ಗೊತ್ತಿರುವ ಪಾಡು. ಆಂಕರ್ ಬೋಲ್ಟ್ ಹೊಡೆದರೆ ಕಲ್ಲು ಒಳಗೆ ಪುಡಿಯಾಗಿ ಬೋಲ್ಟ್ ಸುಮ್ನೆ ತಿರುಗುತ್ತಲೇ ಇರುತ್ತದೆ. ಇನ್ವರ್ಟರ್ 22 ಕಿಲೋ. ಮೊದಲು 10 ಎಂಎಂ ಆಂಕರ್ ನಾಲ್ಕು ಹಾಕಿ ನೋಡಿದಾಗ, ಕೈಯಲ್ಲಿ ಜಗ್ಗಿದರೇ ಎರಡು ಹೊರಗೆ ಬಂದವು. ಕೆಂಪು ಪುಡಿ ನೆಲಕ್ಕೆ ಸುರಿಯಿತು. ಆಮೇಲೆ ಗೋಡೆಯ ಈಚೆಯಿಂದ ಆಚೆಗೆ ತೂತು ಕೊರೆದು, 12 ಇಂಚಿನ ಉದ್ದ ಬೋಲ್ಟ್ ಹಾಕಿ, ಹಿಂದಿನಿಂದ 4 ಇಂಚಿನ ಕಬ್ಬಿಣದ ಪ್ಲೇಟ್ ಕೊಟ್ಟು ಬಿಗಿದೆವು. ಮುಂದೆ ಹಳೆ ಬಾಗಿಲಿನ ಸಾಗುವಾನಿ ಹಲಗೆ. ಬ್ಯಾಟರಿಯನ್ನು ಗೋಡೆಗೆ ನೇತುಹಾಕುವ ಯೋಚನೆಯನ್ನೇ ಬಿಟ್ಟು, ನೆಲದಿಂದ ಒಂದಡಿ ಎತ್ತರದ ಆ್ಯಂಗಲ್ ಸ್ಟ್ಯಾಂಡ್ ಮಾಡಿಸಿದೆ.

ಇನ್ವರ್ಟರಿನ ಗಾಳಿ ಕಿಂಡಿಗಳಿಗೆ ಸ್ಟೀಲ್ ಜಾಲರಿ ಕಟ್ಟಿದೆ, ಇರುವೆಗೆ. ಹಳೆ ಇನ್ವರ್ಟರ್ ಬಿಚ್ಚಿದಾಗ ಒಳಗೆ ಹಲ್ಲಿ ಮೊಟ್ಟೆ ಇತ್ತು.

ಹಂತ 4 – ಡಿಸಿ ಕಡೆ (ಏಪ್ರಿಲ್)

3 ಕಿಲೋವಾಟ್ ಲೋಡಿಗೆ ಬ್ಯಾಟರಿಯಿಂದ 63 ಆಂಪಿಯರ್ ಹತ್ತಿರ ಹೋಗುತ್ತದೆ. 35 ಚದರ ಎಂಎಂ ತಾಮ್ರದ ಫ್ಲೆಕ್ಸಿಬಲ್ ಕೇಬಲ್ ತಂದೆ, ಪ್ರತಿ ಬದಿ 1.2 ಮೀಟರ್. ನಡುವೆ 125 ಆಂಪಿಯರಿನ ಡಿಸಿ ಎಂಸಿಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ದೊಡ್ಡ ಬ್ರೇಕರ್) ಮತ್ತು ಫ್ಯೂಸ್. ಎಸಿಯ ಎಂಸಿಬಿಯನ್ನು ಇಲ್ಲಿ ಹಾಕುವ ಹಾಗಿಲ್ಲ. ಎಸಿಯಲ್ಲಿ ಕಿಡಿ ತಾನಾಗಿ ಆರುತ್ತದೆ, ಡಿಸಿಯಲ್ಲಿ ಉರಿಯುತ್ತಲೇ ಇರುತ್ತದೆ.

ಲಗ್ (ಕೇಬಲಿನ ತುದಿಗೆ ಒತ್ತಿ ಕೂರಿಸುವ ಲೋಹದ ಕೊಳವೆ) ಕ್ರಿಂಪ್ ಮಾಡುವ ಹೈಡ್ರಾಲಿಕ್ ಟೂಲ್ ನನ್ನಲ್ಲಿರಲಿಲ್ಲ. ಅಂಗಡಿಯಲ್ಲೇ ಮಾಡಿಸಿ ತಂದೆ. ಜೋಡಿಸಿ 45 ಆಂಪಿಯರ್ ಲೋಡ್ ಕೊಟ್ಟು ಹತ್ತು ನಿಮಿಷ ಬಿಟ್ಟು ಥರ್ಮಾಮೀಟರ್ ಗನ್ ಹಿಡಿದರೆ ಮೂರು ಲಗ್ 38 ಡಿಗ್ರಿ, ನಾಲ್ಕನೆಯದು 71. ಬಿಚ್ಚಿ ಹ್ಯಾಕ್ಸಾದಲ್ಲಿ ಅಡ್ಡ ಕೊಯ್ದು ನೋಡಿದೆ. ಚೆನ್ನಾಗಿ ಒತ್ತಿದ ಲಗ್ ಒಳಗೆ ತಾಮ್ರದ ಎಳೆಗಳು ಒಂದಾಗಿ ಗಟ್ಟಿ ಗುಂಡಿನ ಹಾಗೆ ಕಾಣಬೇಕು. ಇದರಲ್ಲಿ ಪ್ರತಿ ಎಳೆ ಬಿಡಿಬಿಡಿಯಾಗಿ ಎಣಿಸಲು ಸಿಗುತ್ತಿತ್ತು, ಒಂದು ಬದಿಯಲ್ಲಿ ಬೆಳಕು ತೂರುವಷ್ಟು ಸಂದು. 50ರ ಅಚ್ಚಿನಲ್ಲಿ 35ರ ಲಗ್ ಒತ್ತಿದ್ದರು. ನಾಲ್ಕನ್ನೂ ಕತ್ತರಿಸಿ, ಟೂಲ್ ಬಾಡಿಗೆಗೆ ತಂದು ಮತ್ತೆ ಮಾಡಿದೆವು. ಈಗ ಎಲ್ಲವೂ 37, 38.

ಮೊದಲ ಸಲ ಬ್ಯಾಟರಿ ವೈರ್ ಮುಟ್ಟಿಸಿದಾಗ ಚಟ್ ಎಂದು ನೀಲಿ ಕಿಡಿ ಹಾರಿ ಬೋಲ್ಟಿನ ತಲೆಯಲ್ಲಿ ಗುಳಿ ಬಿತ್ತು. ಇನ್ವರ್ಟರ್ ಒಳಗಿನ ಕೆಪಾಸಿಟರುಗಳು ಖಾಲಿ ಇದ್ದರೆ ಹೀಗಾಗುತ್ತದೆ. ಮುಂದಿನ ಸಲ ಅಟ್ಟದಲ್ಲಿದ್ದ ಹಳೆ 60 ವಾಟಿನ ಬುರುಡೆ ಬಲ್ಬನ್ನು ನಡುವೆ ಸೇರಿಸಿ, ಮಲ್ಟಿಮೀಟರಿನಲ್ಲಿ ಇನ್ವರ್ಟರ್ ಬದಿ 52 ವೋಲ್ಟಿಗೆ ಏರುವುದನ್ನು ನೋಡಿ, ಆಮೇಲೆ ಎಂಸಿಸಿಬಿ ಹಾಕಿದೆ. ಕಿಡಿ ಇಲ್ಲ.

ಹಂತ 5 – ಅರ್ತಿಂಗ್

ಹಳೆಯ ಗುಂಡಿ ಅಳೆಸಿದಾಗ 11 ಓಮ್. ಮುರಕಲ್ಲಿನ ಗುಡ್ಡೆಯಲ್ಲಿ ಮಣ್ಣು ಒಣಗಿದರೆ ಹಾಗೆಯೇ. ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು) ನೀರು ಇಳಿದು ಹೋಗುವ ಕಣಿಯ ಪಕ್ಕ ನೆಲ ವರ್ಷವಿಡೀ ಹಸಿ ಇರುತ್ತದೆ. ಅಲ್ಲಿ 2 ಮೀಟರಿನ ರಾಡ್ ಎರಡು ಇಳಿಸಿ, ಸುತ್ತ ಅರ್ತಿಂಗ್ ಪುಡಿ ತುಂಬಿ, ಹಳೆಯದಕ್ಕೂ ಜೋಡಿಸಿದೆವು. 4 ಓಮ್‌ಗೆ ಬಂತು. ಏಪ್ರಿಲ್ ಮೇಯಲ್ಲಿ ಇಲ್ಲಿ ಸಿಡಿಲು ಜೋರು, ಹಾಗಾಗಿ ಎಸಿ, ಡಿಸಿ ಎರಡೂ ಬದಿಗೆ ಎಸ್‌ಪಿಡಿ (ಸಿಡಿಲಿನಿಂದ ಏರುವ ವೋಲ್ಟೇಜನ್ನು ಅರ್ತಿಗೆ ಕಳಿಸುವ ಸಾಧನ) ಹಾಕಿಸಿದೆ.

ಹಂತ 6 – ಇಎಲ್‌ಸಿಬಿ ಬೀಳತೊಡಗಿತು (ಏಪ್ರಿಲ್, ಮೇ)

ಹೈಬ್ರಿಡ್ ಇನ್ವರ್ಟರಿಗೆ ಎರಡು ಎಸಿ ಬಾಯಿ. ಒಂದು ಗ್ರಿಡ್ಡಿಗೆ, ಇನ್ನೊಂದು ಬ್ಯಾಕಪ್ಪಿಗೆ. ಬ್ಯಾಕಪ್ ಬಾಯಿಯಿಂದ ಹೊಸ ಡಿಬಿ (ಸರ್ಕ್ಯೂಟುಗಳಿಗೆ ಕರೆಂಟು ಹಂಚುವ ಪೆಟ್ಟಿಗೆ), ಅದಕ್ಕೆ ಬೇರೆಯೇ 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್). ಹಳೆ ಡಿಬಿಯ ಸರ್ಕ್ಯೂಟುಗಳಲ್ಲಿ ಬೇಕಾದ್ದನ್ನು ಮಾತ್ರ ಹೊಸದಕ್ಕೆ ತಂದೆವು: ಮಲಗುವ ಕೋಣೆಗಳು, ಮಾಳಿಗೆ, ಫ್ರಿಜ್, ಅಡುಗೆಮನೆ ಲೈಟು. ಡಿಬಿ ಕೆಲಸ ಪೂರ್ತಿ ಪರ್ಮಿಟ್ ಇರುವ ಎಲೆಕ್ಟ್ರಿಷಿಯನ್‌ರದ್ದು. ನಾನು ಟಾರ್ಚ್ ಹಿಡಿದು ಚೀಟಿ ಬರೆಯುವವ.

ಹಗಲು ಎಲ್ಲ ಸರಿ. ಸಂಜೆ 7ರ ಹೊತ್ತಿಗೆ ಇಎಲ್‌ಸಿಬಿ ಬೀಳುತ್ತಿತ್ತು. ಕೆಲವೊಮ್ಮೆ ಹೊಸದು, ಕೆಲವೊಮ್ಮೆ ಹಳೆಯದು, ಒಮ್ಮೊಮ್ಮೆ ಎರಡೂ. ಅಮ್ಮನಿಗೆ ಫ್ರಿಜ್ಜಿನ ಹಾಲಿನ ಚಿಂತೆ. "ಮೊದಲು ಕರೆಂಟು ಹೋದರೆ ಮಾತ್ರ ಫ್ರಿಜ್ ನಿಲ್ಲುತ್ತಿತ್ತು, ಈಗ ಕರೆಂಟು ಇದ್ದರೂ ನಿಲ್ಲುತ್ತದಲ್ಲ ಮಾರಾಯ" ಅಂದರು. ಉತ್ತರ ನನ್ನಲ್ಲಿರಲಿಲ್ಲ.

ಮೊದಲ ಸಂಶಯ ಇಎಲ್‌ಸಿಬಿ ಮೇಲೆ. ಹೊಸದು ತಂದು ಹಾಕಿದೆವು, ಅದೂ ಬಿತ್ತು. ಆಮೇಲೆ ಫ್ರಿಜ್ ಮೇಲೆ. ಅದನ್ನು ತೆಗೆದಿಟ್ಟರೂ ಬಿತ್ತು. ಇನ್ವರ್ಟರ್ ಕಂಪನಿಯ ಸಹಾಯವಾಣಿಯಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ಅಂದರು. ಮಾಡಿದೆ, ಏನೂ ಬದಲಾಗಲಿಲ್ಲ.

ಎಲೆಕ್ಟ್ರಿಷಿಯನ್ ಹೊಸ ಡಿಬಿಯ ಎಂಸಿಬಿಗಳನ್ನು ಒಂದೊಂದಾಗಿ ಹಾಕಿ ತೆಗೆದು ನೋಡಿ, "ಅಣ್ಣ, ಇದು ಲೀಕ್ ಅಲ್ಲ. ನ್ಯೂಟ್ರಲ್ ಮಿಕ್ಸ್" ಅಂದರು. ಇಎಲ್‌ಸಿಬಿಯ ಕೆಲಸ ಇಷ್ಟೇ. ಫೇಸಿನಲ್ಲಿ ಹೋದ ಕರೆಂಟು ತನ್ನ ನ್ಯೂಟ್ರಲಿನಲ್ಲೇ ವಾಪಸ್ ಬಂತಾ ಎಂದು ನೋಡುವುದು. ಮೊದಲು ಇಡೀ ಮನೆಗೆ ಒಂದೇ ಇಎಲ್‌ಸಿಬಿ ಇತ್ತು. ಒಳಗೆ ಯಾವ ನ್ಯೂಟ್ರಲ್ ಯಾವುದಕ್ಕೆ ಸೇರಿದ್ದರೂ ಕೊನೆಗೆ ಎಲ್ಲ ಅದರ ಮೂಲಕವೇ ಹೋಗುತ್ತಿತ್ತು. ಎರಡು ಡಿಬಿ ಆದಾಗ ಹಳೇ ಕಲಬೆರಕೆ ಹೊರಗೆ ಬಿತ್ತು.

ಹುಡುಕಿದ ರೀತಿ: ಮೈನ್ ಆಫ್, ಬ್ಯಾಟರಿ ಆಫ್, ಎಲ್ಲ ಎಂಸಿಬಿ ಆಫ್. ಪ್ಲಗ್‌ಗಳನ್ನೆಲ್ಲ ಕಿತ್ತೆವು. ನ್ಯೂಟ್ರಲ್ ಬಾರಿನಿಂದ ಪ್ರತಿ ವೈರನ್ನೂ ಬಿಚ್ಚಿ ಮಾಸ್ಕಿಂಗ್ ಟೇಪಿನ ಮೇಲೆ ನಂಬರ್ ಬರೆದು ಅಂಟಿಸಿದೆ. ಆಮೇಲೆ ಮೀಟರನ್ನು ಬೀಪ್‌ನಲ್ಲಿಟ್ಟು ಪ್ರತಿ ಎರಡು ನ್ಯೂಟ್ರಲ್ ನಡುವೆ ಹಿಡಿಯುತ್ತ ಹೋದೆವು. ಬೀಪ್ ಬಂದರೆ ಅವೆರಡೂ ಒಳಗೆಲ್ಲೋ ಕೂಡಿಕೊಂಡಿವೆ ಎಂದರ್ಥ. ಫ್ರಿಜ್ಜಿನ ನ್ಯೂಟ್ರಲ್ ಊಟದ ಕೋಣೆಯ ಪ್ಲಗ್ಗಿನ ಜೊತೆ ಒಂದು ಜಂಕ್ಷನ್ ಬಾಕ್ಸಿನಲ್ಲಿ ಕೂಡಿತ್ತು. ಅದನ್ನು ಬೇರ್ಪಡಿಸುವುದು ಹತ್ತು ನಿಮಿಷದ ಕೆಲಸ. ಹಾಕಿದೆವು, ಆ ದಿನ ಬೀಳಲಿಲ್ಲ. ಮರುದಿನ ಸಂಜೆ ಮತ್ತೆ ಬಿತ್ತು.

ಈ ಎರಡನೆಯದು ಬೀಪ್‌ನಲ್ಲಿ ಸಿಗುವ ಜಾತಿಯಲ್ಲ. ಮೆಟ್ಟಿಲಿನ ಲೈಟು ಟೂ ವೇ ಸ್ವಿಚ್ಚಿನದ್ದು, ಕೆಳಗೊಂದು ಮೇಲೊಂದು. ಮಾಳಿಗೆ ಕಟ್ಟಿಸುವಾಗ ಯಾರೋ ವೈರ್ ಉಳಿಸಲು ಫೇಸನ್ನು ಮೇಲಿನ ಸರ್ಕ್ಯೂಟಿನಿಂದ, ನ್ಯೂಟ್ರಲನ್ನು ಕೆಳಗಿನ ಜಗಲಿ ಸರ್ಕ್ಯೂಟಿನಿಂದ ತೆಗೆದಿದ್ದರು. ನ್ಯೂಟ್ರಲುಗಳು ಒಂದಕ್ಕೊಂದು ತಾಗಿಲ್ಲ, ಬಲ್ಬ್ ಉರಿದಾಗ ಮಾತ್ರ ಸಂಬಂಧ. ಮಾಳಿಗೆ ಈಗ ಬ್ಯಾಕಪ್ಪಿನಲ್ಲಿ, ಜಗಲಿ ಗ್ರಿಡ್ಡಿನಲ್ಲಿ. ಹಾಗಾಗಿ ಲೈಟು ಹಾಕಿದ ಕೂಡಲೇ ಒಂದು ಇಎಲ್‌ಸಿಬಿಯಿಂದ ಹೊರಟ ಕರೆಂಟು ಇನ್ನೊಂದಕ್ಕೆ ಸೇರುತ್ತದೆ. 9 ವಾಟಿನ ಬಲ್ಬ್ ಕೂಡ 40 ಮಿಲಿ ಆಂಪಿಯರ್ ಎಳೆಯುತ್ತದೆ. 30 ಮಿಲಿಯ ಇಎಲ್‌ಸಿಬಿ ಬೀಳಲು ಅಷ್ಟು ಧಾರಾಳ ಸಾಕು. ಸಂಜೆ 7 ಎಂದರೆ ಅಮ್ಮ ದೀಪ ಹಚ್ಚಿ ಮೆಟ್ಟಿಲಿನ ಲೈಟು ಹಾಕುವ ಹೊತ್ತು.

ಮೇಲಿನಿಂದ ಹೊಸ ನ್ಯೂಟ್ರಲ್ ಎಳೆದೆವು, 7 ಮೀಟರ್ ವೈರ್. ಅಲ್ಲಿಗೆ ಇಎಲ್‌ಸಿಬಿ ಕಾಟ ಮುಗಿಯಿತು.

ಇದಕ್ಕೆ ಸೇರಿದ ಇನ್ನೊಂದು ಮಾತು. ಮೈನ್ ಆಫ್ ಮಾಡಿ ಬ್ಯಾಟರಿಯಲ್ಲಿ ಓಡಿಸುವಾಗ ನ್ಯೂಟ್ರಲ್ ಮತ್ತು ಅರ್ತ್ ನಡುವೆ ಅಳೆಯಿರಿ. ನಮ್ಮಲ್ಲಿ 108 ವೋಲ್ಟ್ ತೋರಿಸಿತು, ಟೆಸ್ಟರ್ ನ್ಯೂಟ್ರಲಿನಲ್ಲೂ ಉರಿಯುತ್ತಿತ್ತು. ಅಂದರೆ ನ್ಯೂಟ್ರಲ್ ತೇಲುತ್ತಿದೆ. ಆ ಸ್ಥಿತಿಯಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಇಎಲ್‌ಸಿಬಿ ಬೀಳುವ ಭರವಸೆ ಇಲ್ಲ. ಇನ್ವರ್ಟರ್ ಸೆಟ್ಟಿಂಗಿನಲ್ಲಿ ಬ್ಯಾಕಪ್ ಸಮಯದಲ್ಲಿ ಮಾತ್ರ ನ್ಯೂಟ್ರಲನ್ನು ಅರ್ತಿಗೆ ಸೇರಿಸುವ ಒಂದು ರಿಲೇ ಇದೆ, ಬಂದಾಗ ಆಫ್ ಆಗಿತ್ತು. ಆನ್ ಮಾಡಿದ ಮೇಲೆ 0.4 ವೋಲ್ಟ್. ಈ ಅಳತೆ ಮಾಡದೆ ಯಾರೂ ಕೆಲಸ ಮುಗಿಯಿತು ಅನ್ನಬಾರದು.

ಹಂತ 7 – ಪಂಪು

ಸುರಂಗದ ನೀರು ತಾನಾಗಿ ಕೆಳಗಿನ ಟ್ಯಾಂಕಿಗೆ ಬರುತ್ತದೆ, ಅಲ್ಲಿಂದ ತಾರಸಿಗೆ ಪಂಪು ಬೇಕು. 1 ಎಚ್‌ಪಿ ಪಂಪು ಓಡುವಾಗ 5.5 ಆಂಪಿಯರ್, ಸ್ಟಾರ್ಟ್ ಆಗುವಾಗ 30 ದಾಟುತ್ತದೆ. ಫ್ರಿಜ್ ಓಡುತ್ತಿದ್ದಾಗ ಪಂಪು ಹಾಕಿದರೆ ಇನ್ವರ್ಟರ್ ಓವರ್‌ಲೋಡ್ ಎಂದು ನಿಂತುಬಿಡುತ್ತಿತ್ತು. ಅರ್ಧ ಎಚ್‌ಪಿ ಪಂಪು ತಂದೆ. ಟ್ಯಾಂಕ್ ತುಂಬಲು ಹೊತ್ತು ಜಾಸ್ತಿ, ಅಷ್ಟೇ.

ಹಂತ 8 – ಸೆಟ್ಟಿಂಗ್

ಬ್ಯಾಟರಿ ಮತ್ತು ಇನ್ವರ್ಟರ್ ಮಾತಾಡಿಕೊಳ್ಳುವ ಕೇಬಲ್ ನೋಡಲು ಇಂಟರ್ನೆಟ್ ಕೇಬಲಿನ ಹಾಗೆಯೇ ಇರುತ್ತದೆ. ಆದರೆ ಬ್ಯಾಟರಿಯಲ್ಲಿ ಒಂದೇ ಆಕಾರದ ಕಿಂಡಿ ಮೂರು ಇವೆ. ಸರಿಯಾದದ್ದಕ್ಕೆ ಹಾಕಿ, ಇನ್ವರ್ಟರಿನಲ್ಲಿ ಬ್ಯಾಟರಿಯ ಪ್ರೋಟೋಕಾಲ್ ಆರಿಸುವ ತನಕ ಚಾರ್ಜ್ ಎಷ್ಟಿದೆ ಎಂಬುದೇ ಸುಳ್ಳು ತೋರಿಸುತ್ತಿತ್ತು. ವೋಲ್ಟೇಜ್ ನೋಡಿ ಅಂದಾಜು ಮಾಡುವುದು ಲಿಥಿಯಂನಲ್ಲಿ ನಡೆಯುವುದಿಲ್ಲ. 70 ಶೇಕಡಕ್ಕೂ 40 ಶೇಕಡಕ್ಕೂ ನಡುವೆ ಇಡೀ ಬ್ಯಾಟರಿಗೆ ಒಂದು ವೋಲ್ಟಿನ ವ್ಯತ್ಯಾಸವೂ ಇಲ್ಲ.

ಚಾರ್ಜ್ ಮಿತಿ 56 ವೋಲ್ಟ್, ಕೆಳಗಿನ ಮಿತಿ 10 ಶೇಕಡ. ಜೂನ್‌ನಿಂದ ಸೆಪ್ಟೆಂಬರ್ 100ಕ್ಕೆ ತುಂಬಿಸಿಡುತ್ತೇನೆ, ಉಳಿದ ತಿಂಗಳು 80 ಸಾಕು.

ದಿನಾ ರಾತ್ರಿ ಬ್ಯಾಟರಿಯಲ್ಲೇ ಮನೆ ನಡೆಸಿದರೆ ಬಿಲ್ ಉಳಿಯುತ್ತದಾ ಎಂದು ಬಹಳ ಜನ ಕೇಳುತ್ತಾರೆ. ನಮ್ಮ ಹಾಗೆ ನೆಟ್ ಮೀಟರ್ ಇದ್ದರೆ ಇಲ್ಲ. ಹಗಲು ಲೈನಿಗೆ ಕೊಟ್ಟ ಯೂನಿಟ್ ರಾತ್ರಿ ವಾಪಸ್ ಸಿಗುತ್ತದೆ. ಬ್ಯಾಟರಿಯಲ್ಲಿ ಇಟ್ಟು ತೆಗೆದರೆ ನೂರರಲ್ಲಿ ಹತ್ತು ಹದಿನೈದು ಪಾಲು ಸೋರಿಹೋಗುತ್ತದೆ. ತಿಂಗಳಿಗೆ 250 ಯೂನಿಟ್ ದಾಟುವ ಮನೆಗಳಿಗೆ ಸಂಜೆ 6ರಿಂದ 10ರ ತನಕ ದರ ಜಾಸ್ತಿ ಇದೆ, ಅವರ ಲೆಕ್ಕ ಬೇರೆ. ನಾವು ಅಷ್ಟು ಸುಡುವುದಿಲ್ಲ.

ಯಾರೂ ಹೇಳದ ಒಂದು ವಿಷಯ: ಹೈಬ್ರಿಡ್ ಇನ್ವರ್ಟರ್ ಸುಮ್ಮನೆ ಆನ್ ಇರುವುದಕ್ಕೇ 60 ವಾಟ್ ತಿನ್ನುತ್ತದೆ. ದಿನಕ್ಕೆ 1.4 ಯೂನಿಟ್. ನಮ್ಮ ಫ್ರಿಜ್ ಇಡೀ ದಿನಕ್ಕೆ ತಿನ್ನುವಷ್ಟು.

ಖರ್ಚು

ಹೈಬ್ರಿಡ್ ಇನ್ವರ್ಟರ್ 68,000
ಬ್ಯಾಟರಿ 82,000
ಡಿಬಿ, ಇಎಲ್‌ಸಿಬಿ, ಎಂಸಿಬಿ 7,400
ಡಿಸಿ ಕೇಬಲ್, ಲಗ್, ಟೂಲ್ ಬಾಡಿಗೆ 5,200
ಎಂಸಿಸಿಬಿ, ಫ್ಯೂಸ್, ಎಸ್‌ಪಿಡಿ 4,600
ಅರ್ತಿಂಗ್ 6,500
ಸ್ಟ್ಯಾಂಡ್, ಬೋಲ್ಟ್ 2,300
ಎಲೆಕ್ಟ್ರಿಷಿಯನ್ ಮಜೂರಿ 9,000
ಪಂಪು 5,800

ಒಟ್ಟು 1,90,800 ರೂಪಾಯಿ. ಹಳೆ ಇನ್ವರ್ಟರ್ 12,000ಕ್ಕೆ ಹೋಯಿತು. ನ್ಯೂಟ್ರಲ್ ಹುಡುಕಿದ್ದಕ್ಕೆ ಎಲೆಕ್ಟ್ರಿಷಿಯನ್ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಕೊಟ್ಟರೂ ಬೇಡ ಅಂದರು, ಒಂದು ಗೊನೆ ಕದಳಿ ಬಾಳೆಹಣ್ಣು ಒಪ್ಪಿದರು.

ಹಂತ 9 – ಮಳೆಗಾಲದ ಲೆಕ್ಕ (ಜುಲೈ)

ಕಾಗದದ ಮೇಲೆ 5.12ರಲ್ಲಿ ಬಳಸಲು ಸಿಗುವ 4.2 ಯೂನಿಟ್, ರಾತ್ರಿಗೆ 2.3. ಸುಮಾರು ಎರಡು ರಾತ್ರಿ ಎಂದು ಅಂದಾಜಿತ್ತು. ಜುಲೈಯಲ್ಲಿ ಗಾಳಿಮಳೆಗೆ ಲೈನ್ ಸಂಜೆ ಹೋಗಿ ಎರಡು ರಾತ್ರಿ ಬರಲಿಲ್ಲ, ಆಗ ನಿಜ ಗೊತ್ತಾಯಿತು.

ಮೊದಲ ಸಂಜೆ 6ಕ್ಕೆ 100 ಶೇಕಡ. ಬೆಳಗ್ಗೆ 6ಕ್ಕೆ 38. ಇನ್ವರ್ಟರಿನ ಸ್ವಂತ ಹೊಟ್ಟೆಗೇ 0.7 ಯೂನಿಟ್ ಹೋಗಿತ್ತು, ಅದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹಗಲಿಡೀ ಮಳೆ, ಪ್ಯಾನೆಲ್ ಕೊಟ್ಟದ್ದು 2.8 ಯೂನಿಟ್. ಹಗಲಿನ ಖರ್ಚು ಕಳೆದು ಸಂಜೆಗೆ 50. ಆ ರಾತ್ರಿ ಫ್ರಿಜ್ ಮತ್ತು ಟಿವಿ ಆಫ್, ಫ್ಯಾನ್ ಒಂದು ಕಡಿಮೆ. ಬೆಳಗ್ಗೆ 13. ಮಧ್ಯಾಹ್ನದ ಹೊತ್ತಿಗೆ ಲೈನ್ ಬಂತು. ಫ್ರಿಜ್ ರಾತ್ರಿ ಮುಚ್ಚಿಯೇ ಇದ್ದುದರಿಂದ ಹಾಲು ಕೆಡಲಿಲ್ಲ.

ಇನ್ನೊಂದು ಬ್ಯಾಟರಿ ಸೇರಿಸಬಹುದು, ಇನ್ವರ್ಟರ್ ಒಪ್ಪುತ್ತದೆ. ಆದರೆ ಮಳೆಯ ದಿನ 2.8 ಯೂನಿಟ್ಟಿನಲ್ಲಿ ಒಂದನ್ನೇ ತುಂಬಿಸಲು ಆಗುವುದಿಲ್ಲ, ಎರಡನ್ನು ಹೇಗೆ ತುಂಬಿಸುವುದು? ಅದಕ್ಕಿಂತ ಎರಡು ಪ್ಯಾನೆಲ್ ಜಾಸ್ತಿ ಹಾಕುವುದು ವಾಸಿ.

ಬಾಕಿ ಇರುವುದು ಹಳೆ ಚಾವಡಿಯ ಸರ್ಕ್ಯೂಟ್. ಅದರ ವೈರಿಂಗ್ ಮರದ ಪಟ್ಟಿಯೊಳಗಿನದ್ದು. ನ್ಯೂಟ್ರಲ್ ಮೂರು ಕಡೆ ಬೀಪ್ ಕೊಡುತ್ತದೆ, ಕೂಡುವ ಜಾಗ ಮಾತ್ರ ಸಿಕ್ಕಿಲ್ಲ. ಸದ್ಯಕ್ಕೆ ಅದನ್ನು ಬ್ಯಾಕಪ್ಪಿನ ಹೊರಗೆ ಬಿಟ್ಟಿದ್ದೇನೆ. ಮುಚ್ಚಿಗೆ (ಮರದ ಒಳಮಾಡು) ಬಿಚ್ಚದೆ ನೋಡಲು ಆಗುವುದಿಲ್ಲ, ಮುಚ್ಚಿಗೆ ಮೇಲೆ ಈಗ ಹೋದ ವರ್ಷದ ಅಡಿಕೆ ಮೂಟೆಗಳಿವೆ. ಅಡಿಕೆ ಕೊಟ್ಟ ಮೇಲೆ ಬಿಚ್ಚುವುದು.